ಉಂಡ ಮನೆಯ ಜಂತಿ ಎಣಿಸಿದ್ದು

ಪುಣೆ

ನಲವತ್ತೇಳನೆಯ ವಯಸ್ಸಿನಲ್ಲಿ ಓದಲಿಕ್ಕೆ ಪರದೇಶಕ್ಕೆ ಹೊರಟಿದ್ದೇನೆ ಎಂದರೆ ಜನ ಮೊದಲು ನನ್ನ ತಲೆಗೂದಲು ನೋಡುತ್ತಿದ್ದರು. ಆಮೇಲೆ, "ಮಗನ್ನ ಬಿಟ್ಟು ಬರಾಕ ಹೊಂಟೀರೇನ್ರಿ?" ಎನ್ನುತ್ತಿದ್ದರು. ಮಗ ಪುಣೆಯಲ್ಲೇ ತನ್ನ ಪಾಡಿಗೆ ತಾನು ಓದಿಕೊಂಡಿದ್ದ. ಹೊರಟವಳು ನಾನು. ಶಾಲೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಭೂಗೋಳ ಕಲಿಸಿದ ಮೇಲೆ, ಶಿಕ್ಷಕರಿಗೆಂದೇ ಇಟ್ಟ ಒಂದು ವಿದ್ಯಾರ್ಥಿವೇತನ ಸಿಕ್ಕಿ, ಸ್ವೀಡನ್ ದೇಶದ ಉಪ್ಸಾಲಾ ಎಂಬ ಊರಿನಲ್ಲಿ ಒಂದು ವರ್ಷ ಓದುವ ಯೋಗ ಬಂದಿತ್ತು. ಆ ದೇಶವನ್ನು ನಕಾಶೆಯ ಮೇಲೆ ಕೋಲು ಇಟ್ಟು ಎಷ್ಟು ವರ್ಷ ತೋರಿಸಿದ್ದೆನೋ. ಕೋಲಿನ ತುದಿಯಲ್ಲಿ ನಾನೇ ಹೋಗಿ ನಿಲ್ಲುತ್ತೇನೆ ಎಂದುಕೊಂಡಿರಲಿಲ್ಲ.

ನನ್ನ ತವರು ಧಾರವಾಡ. ಮದುವೆಯಾಗಿ ಪುಣೆಗೆ ಬಂದವಳು. ಯಜಮಾನರು ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿದ್ದಾರೆ. ಬೆಳಗಾಗುವ ಮುಂಚೆ ಕಂಪನಿ ಬಸ್ಸು ಹಿಡಿದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಹೀಗಾಗಿ ಮನೆಯ ಸುಪ್ರೀಂ ಕೋರ್ಟು ನಮ್ಮ ಅತ್ತೆ. ಬೆಳಗಾವಿ ಕಡೆಯವರು.

"ಇಷ್ಟು ವರ್ಷ ಮಂದಿ ಹುಡುಗರಿಗೆ ಕಲಿಸಿದಿ. ಇನ್ನೂ ನಿಂದ ಕಲಿಯೋದು ಉಳದದೇನು?" ಎಂದು ಕೇಳಿದವರೇ, ಮರುದಿನ ಬ್ಯಾಡಗಿ ಮೆಣಸಿನಕಾಯಿ ಹುರಿಯಲು ಕೂತರು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಜೋಳದ ಹಿಟ್ಟು, ಮಸಾಲೆ ಖಾರ ಎಲ್ಲ ಡಬ್ಬಿ ಸೇರಿದವು. ಹೊರಡುವ ದಿನ ಒಂದು ಬುದ್ಧಿಮಾತನ್ನೂ ಕಟ್ಟಿಕೊಟ್ಟರು.

"ಮಂದಿ ಮನಿಗೆ ಹೋದಾಗ ಕೊಟ್ಟದ್ದು ತಿನ್ನು. ಭಾಳ ಚಲೋ ಅದ ಅನ್ನು. ಉಂಡ ಮನಿ ಜಂತಿ ಎಣಸಬಾರದು."

ಊಟ ಹಾಕಿದವರ ಮನೆಯಲ್ಲಿ ಕತ್ತೆತ್ತಿ ಮಾಳಿಗೆಯ ತೊಲೆ ಎಷ್ಟು, ಜಂತಿ ಎಷ್ಟು, ಯಾವುದಕ್ಕೆ ಹುಳ ಹಿಡಿದಿದೆ ಎಂದು ನೋಡಬಾರದು. ಇದು ನಮ್ಮ ಕಡೆ ಮಕ್ಕಳಿಗೆ ಮಗ್ಗಿಗಿಂತ ಮುಂಚೆ ಬರುವ ಪಾಠ. ಸಾರಿಗೆ ಉಪ್ಪು ಕಡಿಮೆಯಿದ್ದರೆ ತಾಟಿನ ತುದಿಗೆ ಬಡಿಸಿದ ಉಪ್ಪನ್ನು ಸದ್ದಿಲ್ಲದೆ ಕಲಸಿಕೊಳ್ಳುತ್ತೇವೆ. "ಹೆಂಗಾಗ್ಯದ್ರಿ?" ಎಂದು ಕೇಳಿದರೆ, "ಭಾಳ ಚಲೋ ಆಗ್ಯದ್ರಿ" ಎನ್ನುತ್ತೇವೆ.

ಮನೆಯ ಇನ್ನೊಂದು ಕೀಲಿಕೈ ಪಕ್ಕದ ಮನೆಯ ಹಿರಿಯ ಹೆಂಗಸು ಕಾಕೂ ಹತ್ತಿರ ಇರುತ್ತದೆ. ಕಾಕೂ ಅಪ್ಪಟ ಪುಣೇಕರ್. ನಾನು ಹೊಸ ಸೊಸೆಯಾಗಿ ಬಂದಾಗ ಹೋಳಿಗೆ ಮಾಡಿ ಕೊಟ್ಟರೆ, ಒಂದು ತುತ್ತು ಮುರಿದು, ಇದನ್ನು ತಿನ್ನುವುದೋ ಚಪ್ಪಲಿಗೆ ಅಟ್ಟೆಯಾಗಿ ಹಚ್ಚಿಸುವುದೋ ಎಂದು ಬಾಗಿಲಲ್ಲೇ ನಿಂತು ಮರಾಠಿಯಲ್ಲಿ ಕೇಳಿದ್ದರು. ನಾನು ಒಳಗೆ ಹೋಗಿ ಅತ್ತಿದ್ದೆ. ಮರುದಿನ ತಾವೇ ಬಂದು ಕಣಕ ನಾದುವುದನ್ನು ಕಲಿಸಿದರು. ಅಂದಿನಿಂದ ಕೀಲಿಕೈ ಅವರ ಮನೆಯ ಗೂಟದಲ್ಲೇ ಇದೆ.

ಉಪ್ಸಾಲಾ

ಮೊದಲ ದಿನವೇ ಎಡವಟ್ಟು. ವೇಳಾಪಟ್ಟಿಯಲ್ಲಿ ತರಗತಿ ಹತ್ತಕ್ಕೆ ಎಂದಿತ್ತು. ಗಂಟೆ ಬಾರಿಸುವ ಮೊದಲೇ ಹಾಜರಿರುವುದು ಹೊಟ್ಟೆಪಾಡಿನಿಂದ ಬಂದ ಅಭ್ಯಾಸವಾದ್ದರಿಂದ ಒಂಬತ್ತೂವರೆಗೆಲ್ಲ ಹೋಗಿ ಕೂತೆ. ಹತ್ತಾಯಿತು. ನರಪಿಳ್ಳೆಯಿಲ್ಲ. ಇವತ್ತು ರಜೆಯಿರಬೇಕು, ನಮಗೆ ಹೇಳಿಲ್ಲ ಎಂದುಕೊಂಡು ಚೀಲ ಎತ್ತಿಕೊಂಡು ಹೊರಬಿದ್ದರೆ, ಮೆಟ್ಟಿಲ ಮೇಲೆ ಇಡೀ ತರಗತಿಯೇ ಎದುರಾಯಿತು. ಅಲ್ಲಿ ಹತ್ತು ಎಂದು ಬರೆದರೆ ಹತ್ತೂಕಾಲು ಎಂದು ಓದಿಕೊಳ್ಳಬೇಕು. ಹಿಂದೆ ಚರ್ಚಿನ ಗಂಟೆ ಕೇಳಿ ಹುಡುಗರು ಊರ ತುದಿಯಿಂದ ನಡೆದು ಬರಲೆಂದು ಬಿಟ್ಟ ಕಾಲು ಗಂಟೆಯಂತೆ. ಈಗ ಎಲ್ಲರ ಕೈಯಲ್ಲೂ ಗಡಿಯಾರವಿದೆ, ಕಾಲು ಗಂಟೆ ಮಾತ್ರ ಹಾಗೇ ಉಳಿದಿದೆ. ಪುಣೆಯ ಕನ್ನಡ ಕಾರ್ಯಕ್ರಮಗಳಲ್ಲಿ ನಾವು ಇದೇ ಪದ್ಧತಿಯನ್ನು ಇನ್ನೂ ಧಾರಾಳವಾಗಿ ಪಾಲಿಸುತ್ತೇವೆ, ಬರೆದಿಟ್ಟಿಲ್ಲ ಅಷ್ಟೇ.

ಎರಡನೆಯ ಎಡವಟ್ಟು ಅದರ ಬೆನ್ನಿಗೇ. ಅಧ್ಯಾಪಕಿ ಒಳಬಂದರು. ನಾನು ಎದ್ದು ನಿಂತೆ. ಉಳಿದವರೆಲ್ಲ ಕೂತೇ ಇದ್ದರು. ನಾನು ಹೊರಗೆ ಹೋಗಲು ಎದ್ದೆ ಎಂದುಕೊಂಡ ಪಕ್ಕದ ಹುಡುಗ ಪಾಪ ಕಾಲು ಮಡಚಿ ದಾರಿ ಬಿಟ್ಟ. ಅವನಿಗೆ ಬೇಸರವಾಗಬಾರದೆಂದು ನಾನು ಹೊರಗೆ ಹೋಗಿ, ನೀರು ಕುಡಿದು ಬಂದೆ.

ಅಧ್ಯಾಪಕಿಗೆ ಅರವತ್ತರ ಹತ್ತಿರ ವಯಸ್ಸು. ದೊಡ್ಡ ವಿದ್ವಾಂಸೆ. "ನಾನು ಮಾರ್ಗರೆತಾ" ಎಂದರು. ಮ್ಯಾಡಮ್ ಬೇಡ, ಪ್ರೊಫೆಸರ್ ಬೇಡ, ಬರೀ ಮಾರ್ಗರೆತಾ. ಇಪ್ಪತ್ತು ವರ್ಷದ ಹುಡುಗರು "ಮಾರ್ಗರೆತಾ, ಇದು ನನಗೆ ಒಪ್ಪಿಗೆಯಿಲ್ಲ" ಎನ್ನುವುದನ್ನು ಕೇಳಿ ನನ್ನ ಜೀವ ಬಾಯಿಗೆ ಬರುತ್ತಿತ್ತು. ನನ್ನ ನಾಲಿಗೆ ಮಾತ್ರ ಏನು ಮಾಡಿದರೂ ಹೊರಳಲಿಲ್ಲ. ನಮ್ಮ ಅತ್ತೆ ತಮ್ಮ ಗಂಡನ ಹೆಸರನ್ನು ಒಮ್ಮೆಯೂ ಹೇಳದೆ ಸಂಸಾರ ಮಾಡಿದ ಹಾಗೆ, ನಾನು ಅಧ್ಯಾಪಕಿಯ ಹೆಸರು ಹೇಳದೆ ಹೆಚ್ಚುಕಡಿಮೆ ಇಡೀ ವರ್ಷ ದಾಟಿಸಿದೆ. ಹತ್ತಿರ ಹೋಗಿ ಸಣ್ಣಗೆ ಕೆಮ್ಮುತ್ತಿದ್ದೆ. ನನಗೆ ನೆಗಡಿ ಜಾಸ್ತಿ ಎಂದು ಅವರು ತಿಳಿದುಕೊಂಡಿದ್ದರು.

ಒಗೆಯುವ ಕೋಣೆ

ನಾನಿದ್ದ ವಿದ್ಯಾರ್ಥಿ ನಿಲಯದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ. ಮುಂಗಡ ಹೊತ್ತು ಗೊತ್ತು ಮಾಡಿಕೊಂಡೇ ಹೋಗಬೇಕು. ಒಂದು ದಿನ ನನ್ನ ಬಟ್ಟೆ ನನ್ನ ಹೊತ್ತನ್ನು ಸ್ವಲ್ಪ ಮೀರಿತು. ಓಡಿ ಹೋಗಿ ನೋಡಿದರೆ ಯಾರೋ ಅವನ್ನು ತೆಗೆದು ನೀಟಾಗಿ ಮಡಚಿ, ನನ್ನ ಲಂಗಗಳ ಮೇಲೆ ಒಂದು ಚೀಟಿ ಇಟ್ಟಿದ್ದರು. "ನಿಮ್ಮ ಬಟ್ಟೆಗಳು ತುಂಬ ಸ್ವಚ್ಛವಾಗಿವೆ. ನಮ್ಮವೂ ಸ್ವಚ್ಛವಾಗಲು ಬಯಸುತ್ತವೆ."

ಓದಿ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಊರ ನೆನಪು. ಪುಣೆಯ ಗೋಡೆ ಗೇಟುಗಳ ಮೇಲಿನ ಪಾಟಿಗಳನ್ನು, ಆ ಚುಚ್ಚುಮಾತಿನ ಫಲಕಗಳನ್ನು, ಕಂಡವರಿಗೆ ಗೊತ್ತು. ನಮ್ಮ ಕಟ್ಟಡದ ಗೇಟಿನ ಮೇಲೇ, "ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು, ಪಂಕ್ಚರ್ ಅಂಗಡಿ ಎದುರಿಗಿದೆ" ಎಂದು ಬರೆಸಿದವರು ಕಾಕೂ. ಆದರೆ ಒಂದು ವ್ಯತ್ಯಾಸವಿದೆ. ಪುಣೇಕರ ಪಾಟಿಯಲ್ಲೂ ಬರೆಯುತ್ತಾನೆ, ಎದುರಿಗೂ ಹೇಳುತ್ತಾನೆ. ಇಲ್ಲಿಯವರು ಚೀಟಿ ಬರೆಯುತ್ತಾರೆ, ಎದುರಿಗೆ ಸಿಕ್ಕರೆ ನಕ್ಕು ಬಾಗಿಲು ಹಿಡಿದು ನಿಲ್ಲುತ್ತಾರೆ. ಚೀಟಿ ಬರೆದವರು ಯಾರೆಂದು ವರ್ಷವಿಡೀ ತಿಳಿಯಲಿಲ್ಲ.

ಎಲಿನ್‌ಳ ಅಡುಗೆಮನೆ

ಆ ಊರಿನಲ್ಲಿ ನನಗೆ ಒಬ್ಬಳೇ ಗೆಳತಿ, ಎಲಿನ್. ನಮ್ಮ ತರಗತಿಯಲ್ಲಿ ನನ್ನ ಬಿಟ್ಟರೆ ನಲವತ್ತು ದಾಟಿದವಳು ಅವಳೊಬ್ಬಳೇ. ದೇಶದ ಉತ್ತರ ಭಾಗದ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರು, ರಜೆ ಹಾಕಿ ಓದಲು ಬಂದಿದ್ದಳು. ಉಳಿದವರು ಒಳ್ಳೆಯ ಹುಡುಗರೇ, ಆದರೆ ಅವರಿಗೆ ನಾನು ಯಾರದೋ ತಾಯಿ ದಾರಿ ತಪ್ಪಿ ಬಂದ ಹಾಗೆ. ಎಲಿನ್ ಮಾತ್ರ ದಿನಾ ಪಕ್ಕದ ಕುರ್ಚಿಯ ಮೇಲೆ ತನ್ನ ಕೋಟು ಇಟ್ಟು ನನಗೆ ಜಾಗ ಹಿಡಿಯುತ್ತಿದ್ದಳು.

ಅವಳ ಕಡೆಯ ಜನ ಹೌದು ಎನ್ನಲು ಬಾಯಿ ತೆರೆಯುವುದಿಲ್ಲ. ತುಟಿ ಕೂಡಿಸಿ ಉಸಿರನ್ನು ಸರ್ರನೆ ಒಳಗೆ ಎಳೆದುಕೊಳ್ಳುತ್ತಾರೆ, ಬಿಸಿ ಚಹಾ ಹೀರಿದ ಹಾಗೆ. ಮೊದಮೊದಲು ಅವಳಿಗೆ ದಮ್ಮು ಎಂದುಕೊಂಡು ನಾನು ಬೆನ್ನು ಸವರಲು ಹೋಗಿದ್ದೆ. ಅದು ಹೌದು ಎಂದು ತಿಳಿದ ಮೇಲೆ ನಾನು "ಹೂನ್ರಿ" ಎನ್ನುವುದನ್ನು ಅವಳಿಗೆ ಕಲಿಸಿದೆ. ಅವಳ ಬಾಯಲ್ಲಿ ಅದು ಭಾಳ ಚೆನ್ನಾಗಿ ಬರುತ್ತಿತ್ತು.

ಶನಿವಾರ ನಾನು ಅವಳ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಅವಳು ಮುಖ ಕೆಂಪಗೆ ಮಾಡಿಕೊಂಡು, "ತುಂಬ ಚೆನ್ನಾಗಿದೆ" ಎಂದು ಉಣ್ಣುತ್ತಿದ್ದಳು. ಬಿಳಿ ಚರ್ಮದವರಿಗೆ ಸಂತೋಷವಾದರೂ ಮುಖ ಕೆಂಪಾಗುತ್ತದೆ ಎಂದು ನಾನು ತಿಳಿದಿದ್ದೆ. ಮರುವಾರ ಅವಳು ಏಲಕ್ಕಿ ಹಾಕಿದ ಬನ್ನು ಸುಡುತ್ತಿದ್ದಳು. ಆ ಊರಲ್ಲಿ ಏಲಕ್ಕಿಯನ್ನು ನಮಗಿಂತ ಧಾರಾಳವಾಗಿ ಹಾಕುತ್ತಾರೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು ಕವಿದು, ಮನೆಯ ನೆನಪು ಕಾಡಿದಾಗ, ಅವಳ ಅಡುಗೆಮನೆಯ ಏಲಕ್ಕಿ ವಾಸನೆಯೇ ನನ್ನನ್ನು ಉಳಿಸಿತು. ಅವಳಿಲ್ಲದಿದ್ದರೆ ಸಂಕ್ರಾಂತಿಗೆ ಮುಂಚೆಯೇ ಗಂಟುಮೂಟೆ ಕಟ್ಟಿ ಪುಣೆ ಸೇರುತ್ತಿದ್ದೆ.

ವಿರೋಧಿ

ಅಲ್ಲಿ ಪ್ರಬಂಧ ಬರೆದು ಗುರುಗಳಿಗೆ ಒಪ್ಪಿಸಿದರೆ ಮುಗಿಯುವುದಿಲ್ಲ. ಒಬ್ಬ ಸಹಪಾಠಿಯನ್ನು ಅದಕ್ಕೆ ವಿರೋಧಿ ಎಂದು ನೇಮಿಸುತ್ತಾರೆ. ಅವನು ಅದನ್ನು ಓದಿ, ಎಲ್ಲರೆದುರು ಬರೆದವರ ಮುಂದೆಯೇ ಕೂತು, ಎಲ್ಲೆಲ್ಲಿ ಸೋರುತ್ತಿದೆ, ಎಲ್ಲೆಲ್ಲಿ ಬಿರುಕಿದೆ ಎಂದು ತೋರಿಸಬೇಕು. ಹಾಗೆ ತೋರಿಸುವುದೂ ಪಾಠದ ಭಾಗ, ಅದರಲ್ಲಿಯೂ ಪಾಸಾಗಬೇಕು. ವರ್ಷದ ನಡುವೆ ಒಮ್ಮೆ, ಕೊನೆಗೆ ಒಮ್ಮೆ. ನಾವಿಬ್ಬರೂ ಜೊತೆಗೇ ಇರುತ್ತೇವೆಂದು ಮಾರ್ಗರೆತಾ ನನ್ನನ್ನು ಎಲಿನ್‌ಗೆ, ಎಲಿನ್‌ಳನ್ನು ನನಗೆ ವಿರೋಧಿಯಾಗಿ ಹಾಕಿಬಿಟ್ಟರು.

ಎಲಿನ್‌ಳ ಪ್ರಬಂಧ ಮಕ್ಕಳು ಶಾಲೆಗೆ ಬರುವ ದಾರಿಯ ಬಗ್ಗೆ. ಡಿಸೆಂಬರಿನಲ್ಲಿ ಊರಿಗೆ ಹೋದಾಗ ತನ್ನ ಶಾಲೆಯ ಮಕ್ಕಳಿಂದ ಮನೆಯಿಂದ ಶಾಲೆಯವರೆಗಿನ ಚಿತ್ರ ಬರೆಸಿದ್ದಳು. ನಡೆದು ಬರುವ ಮಕ್ಕಳು ದಾರಿಯುದ್ದಕ್ಕೂ ಮರ, ಸೇತುವೆ, ನಾಯಿ ಎಲ್ಲ ಬರೆದಿದ್ದವು. ಬಸ್ಸಿನಲ್ಲಿ ಬರುವ ಮಕ್ಕಳು ಒಂದು ತುದಿಗೆ ಮನೆ, ಇನ್ನೊಂದು ತುದಿಗೆ ಶಾಲೆ ಬರೆದು ನಡುವೆ ಹಾಳೆಯನ್ನು ಖಾಲಿ ಬಿಟ್ಟಿದ್ದವು. ಬಸ್ಸು ಮಕ್ಕಳಿಂದ ಊರನ್ನೇ ಕಸಿದುಕೊಂಡಿದೆ ಎಂಬುದು ಅವಳ ತೀರ್ಮಾನ. ಓದಲು ಬಹಳ ಚೆಂದವಾಗಿತ್ತು.

ಓದುತ್ತ ಓದುತ್ತ ಒಂದು ಚಿತ್ರದ ಹತ್ತಿರ ನಾನು ನಿಂತುಬಿಟ್ಟೆ. ಬಸ್ಸಿನ ಒಬ್ಬಳು ಹುಡುಗಿ ನಡುವಿನ ಜಾಗದಲ್ಲಿ ಒಂದು ಕಪ್ಪು ಚೌಕ ತುಂಬಿ, ಅದರೊಳಗೆ ಟೋಪಿ ಹಾಕಿದ ಒಂದು ಮುಖ ಬರೆದಿದ್ದಳು. ಈ ಮಗು ದಾರಿಯ ಬದಲು ತನ್ನನ್ನೇ ಬರೆದುಕೊಂಡಿದೆ ಎಂದು ಎಲಿನ್ ಟಿಪ್ಪಣಿ ಹಾಕಿದ್ದಳು. ಆದರೆ ಆ ಮುಖವನ್ನು ನಾನು ನೋಡಿದ್ದೆ. ಡಿಸೆಂಬರಿನ ಬೆಳಿಗ್ಗೆ ಸಿಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ, ಹೊರಗೆ ಗವ್ವೆನ್ನುವ ಕತ್ತಲು, ಒಳಗೆ ಝಗಝಗ ದೀಪ. ಗಾಜಿನಲ್ಲಿ ಕಾಣುವುದು ಮಂಕಿ ಕ್ಯಾಪ್ ಹಾಕಿದ ನನ್ನದೇ ಮುಖ. ನಡೆದು ಬರುವವರಿಗೆ ಹಿಮದ ಬೆಳಕಿನಲ್ಲಿ ದಾರಿ ಕಂಡೀತು, ಬಸ್ಸಿನ ಮಕ್ಕಳಿಗೆ ಊರು ಮರೆತಿರಲಿಲ್ಲ, ಕಂಡೇ ಇರಲಿಲ್ಲ. ಆ ಕತ್ತಲಲ್ಲೇ ಹುಟ್ಟಿ ಬೆಳೆದ ಎಲಿನ್‌ಗೆ ಅದು ಲೆಕ್ಕಕ್ಕೇ ಬಂದಿರಲಿಲ್ಲ. ಮೊನ್ನೆ ಮೊನ್ನೆ ಬಂದು ಕತ್ತಲಿಗೆ ಬೆದರಿದ ನನಗೆ ಹೊಳೆಯಿತು.

ಹೊಳೆದದ್ದನ್ನು ಹೇಳಲೇ? ಇಡೀ ಚಳಿಗಾಲ ಅವಳ ಮನೆಯ ಬನ್ನು ತಿಂದಿದ್ದೆ. ಹದಿನೈದು ಹುಡುಗರ ಎದುರು ಅವಳ ಮನೆಯ ಜಂತಿ ಎಣಿಸಿದರೆ, ನಾಳೆ ಆ ಕುರ್ಚಿಯ ಮೇಲೆ ನನಗಾಗಿ ಕೋಟು ಇರುತ್ತದೆಯೇ? ಇದ್ದ ಒಬ್ಬ ಗೆಳತಿಯನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಫೆಬ್ರವರಿಯ ಕೊನೆಯ ವಾರ ಸೆಮಿನಾರು. ನಾನು ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿ, ಎಲಿನ್‌ಳ ಪ್ರಬಂಧವನ್ನು ಮನಸಾರೆ ಹೊಗಳಿದೆ. ಭಾಷೆ ಚೆನ್ನಾಗಿದೆ, ವಿಷಯ ಚೆನ್ನಾಗಿದೆ, ಮಕ್ಕಳ ಚಿತ್ರಗಳು ಕಣ್ಣಿಗೆ ಹಬ್ಬ, ಕೊನೆಗೆ ಅಕ್ಷರಗಳ ಗಾತ್ರವೂ ಹಿತವಾಗಿದೆ ಎಂದೆ. ಕೋಣೆ ಸ್ತಬ್ಧವಾಯಿತು. ನನ್ನ ಮಾತು ಎಲ್ಲರನ್ನೂ ತಟ್ಟಿತು ಎಂದುಕೊಂಡು ಕೈಮುಗಿದು ಕೂತೆ.

ಮಾರ್ಗರೆತಾ ಕನ್ನಡಕ ತೆಗೆದರು. "ಇದು ನಿಮ್ಮ ಊರಿನ ಬೀಳ್ಕೊಡುಗೆ ಸಮಾರಂಭಕ್ಕೆ ಸರಿ" ಎಂದರು ಮೆತ್ತಗೆ. "ಇಲ್ಲಿ ನೀನು ಪಾಸಾಗಲಿಲ್ಲ. ಮುಂದಿನ ವಾರ ಇನ್ನೊಮ್ಮೆ ಮಾಡು."

ಎಲಿನ್ ಹೊರಗೆ ಬಂದು ಕೇಳಿದ್ದು ಒಂದೇ ಮಾತು. "ನನ್ನದನ್ನು ಓದಲೇ ಇಲ್ಲವೇ ನೀನು?"

ಮೂರು ಸಲ ಓದಿದ್ದೆ. ಹೇಳದೆ ಚೀಲ ಎತ್ತಿಕೊಂಡು ಹೊರಟೆ. ಮರುದಿನ ಅವಳ ಪಕ್ಕದ ಕುರ್ಚಿಯ ಮೇಲೆ ಕೋಟು ಇರಲಿಲ್ಲ, ಬೇರೆ ಯಾರೋ ಕೂತಿದ್ದರು. ಯಾವುದು ತಪ್ಪಿಹೋಗಬಾರದು ಎಂದು ಸುಳ್ಳು ಹೊಗಳಿದೆನೋ ಅದೇ ತಪ್ಪಿಹೋಗಿತ್ತು.

ಫೋನಿನಲ್ಲಿ ಕಾಕೂ

ಮನೆಗೆ ಫೋನು ಮಾಡಿದರೆ ಅತ್ತೆ ಹೇಳುವುದು ಗೊತ್ತೇ ಇತ್ತು. ಅದಕ್ಕೇ ಕಾಕೂಗೆ ಮಾಡಿದೆ. ಹೂಕುಂಡಗಳಿಗೆ ನೀರು ಹಾಕುತ್ತಿದ್ದವರು ಪೂರ್ತಿ ಕಥೆ ಕೇಳಿ, "ಅಗ, ಏವಢಂ ಕಾಯ್ ತ್ಯಾತ?" ಎಂದರು. ಅಷ್ಟಕ್ಕೆಲ್ಲ ಇಷ್ಟು ಯಾಕೆ ಎಂಬ ಧಾಟಿ. ಮುಂದಿನದನ್ನೂ ಮರಾಠಿಯಲ್ಲೇ ಹೇಳಿದರು. ನಿನ್ನ ಹೋಳಿಗೆಯನ್ನು ಅವತ್ತು ನಾನು ಚೆನ್ನಾಗಿದೆ ಎಂದಿದ್ದರೆ ನೀನು ಇವತ್ತಿಗೂ ಚಪ್ಪಲಿಯನ್ನೇ ಬೇಯಿಸುತ್ತಿದ್ದೆ.

"ಕಾಕೂ, ಅವತ್ತು ನಾನು ಅತ್ತಿದ್ದೆ" ಎಂದೆ.

"ಗೊತ್ತು. ಗೋಡೆ ತೆಳ್ಳಗಿದೆ" ಎಂದರು ಕಾಕೂ. "ನನಗೂ ಅವತ್ತು ನಿದ್ದೆ ಬರಲಿಲ್ಲ. ಅದಕ್ಕೇ ಬೆಳಿಗ್ಗೆ ಬಂದೆ." ಆಮೇಲೆ, "ತೋಂಡಾವರ್ ಸಾಂಗ್, ಆಣಿ ಮಗ್ ಚಹಾ ಪಾಜ್" ಎಂದು ಫೋನಿಟ್ಟರು. ಮುಖದ ಮೇಲೆ ಹೇಳು, ಆಮೇಲೆ ಚಹಾ ಕುಡಿಸು.

ಇಷ್ಟು ವರ್ಷ ಕಾಕೂನ ಬಾಯಿಗೆ ಹೆದರಿಕೊಂಡು ಬದುಕಿದವಳು ನಾನು. ಮುಂದಿನ ವಾರ ಆ ಬಾಯನ್ನೇ ಕಡ ತೆಗೆದುಕೊಂಡು ಸೆಮಿನಾರಿಗೆ ಹೋದೆ. ಫ್ಲಾಸ್ಕಿನಲ್ಲಿ ಶುಂಠಿ ಹಾಕಿದ ಚಹಾ ಇತ್ತು.

"ಎಲಿನ್, ಈ ಚಿತ್ರಗಳನ್ನು ಬರೆಸಿದ್ದು ಯಾವ ತಿಂಗಳು?" ಎಂದು ಕೇಳಿದೆ.

"ಡಿಸೆಂಬರ್."

"ಮಕ್ಕಳು ಬಸ್ಸು ಹತ್ತುವಾಗ ಹೊರಗೆ ಏನು ಕಾಣುತ್ತದೆ?"

ಅವಳು ಹಾಳೆಗಳನ್ನು ಹಿಂದಕ್ಕೆ ತಿರುವಿ ಚಿತ್ರಗಳನ್ನು ಹುಡುಕತೊಡಗಿದಳು. ಕಪ್ಪು ಚೌಕದ ಚಿತ್ರವನ್ನು ನಾನು ಎತ್ತಿ ಹಿಡಿದೆ. "ಈ ಹುಡುಗಿ ಕಂಡದ್ದನ್ನೇ ಬರೆದಿದ್ದಾಳೆ. ನೀನು ಬಸ್ಸನ್ನು ಅಳೆಯಲಿಲ್ಲ, ಕತ್ತಲನ್ನು ಅಳೆದೆ. ಇದು ಹೀಗೇ ಇದ್ದರೆ ನಿನ್ನ ತೀರ್ಮಾನ ನಿಲ್ಲುವುದಿಲ್ಲ." ಮಾರ್ಗರೆತಾ ಕನ್ನಡಕ ಹಾಕಿಕೊಂಡರು. ಎಲಿನ್ ಆ ಚಿತ್ರವನ್ನು ಬಹಳ ಹೊತ್ತು ನೋಡಿ, ಉಸಿರನ್ನು ಸರ್ರನೆ ಒಳಗೆ ಎಳೆದುಕೊಂಡಳು. ಹೌದು.

ನಾನು ಪಾಸಾದೆ. ಎಲಿನ್ ಮಾತ್ರ ಹಾಳೆಗಳನ್ನು ಜೋಡಿಸಿಕೊಂಡು, ಚಹಾದ ಕಪ್ಪನ್ನು ಮುಟ್ಟದೆ ಎದ್ದು ಹೋದಳು. ಕಾಕೂನ ಸೂತ್ರದಲ್ಲಿ ಅರ್ಧ ಕೆಲಸ ಮಾಡಿತ್ತು, ಅರ್ಧ ಆರಿಹೋಗಿತ್ತು.

ಉತ್ತರದ ಬಸ್ಸು

ಅದಾದ ಮೇಲೆ ಅವಳ ಮುಖವೇ ಕಾಣಲಿಲ್ಲ. ನಾನು ತರಗತಿಗೆ ಹೋಗುತ್ತಿದ್ದೆ, ಕೋಣೆಗೆ ಬಂದು ಒಬ್ಬಳೇ ಅನ್ನ ಸಾರು ಉಣ್ಣುತ್ತಿದ್ದೆ. ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ಎಲಿನ್ ನಿಂತಿದ್ದಳು.

"ಏಪ್ರಿಲ್‌ನಲ್ಲಿ ನನ್ನೂರಿಗೆ ಬರುತ್ತೀಯಾ?" ಎಂದಳು. "ಬೆಳಕಿನಲ್ಲಿ ಇನ್ನೊಮ್ಮೆ ಚಿತ್ರ ಬರೆಸಬೇಕು."

"ನೀನು ನನ್ನ ಮೇಲೆ ಸಿಟ್ಟಾಗಿದ್ದೀಯ ಅಂದುಕೊಂಡಿದ್ದೆ."

"ನನ್ನ ಮೇಲೇ ಸಿಟ್ಟಾಗಿದ್ದೆ. ಆ ಕತ್ತಲಲ್ಲಿ ನಾನೂ ಅದೇ ಬಸ್ಸಿನಲ್ಲಿ ಹೋದವಳು." ಕೋಟು ಬಿಚ್ಚುತ್ತ ಕೇಳಿದಳು. "ಮೊದಲನೇ ಸಲವೇ ನಿನಗೆ ಇದು ಗೊತ್ತಿತ್ತೇ?"

ಹೌದೆಂದು ತಲೆಯಾಡಿಸಿದೆ. ಅತ್ತೆಯ ಗಾದೆಯನ್ನು ನನಗೆ ತಿಳಿದ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಅವಳು ಒಂದು ಸಲ ನನ್ನ ಮುಖ ನೋಡಿದಳು, ಏನೋ ಹೇಳಲು ಹೋಗಿ ಬಿಟ್ಟಳು. ಆಮೇಲೆ ಚಹಾ ಕೇಳಿದಳು. ಮಾಡಿಕೊಟ್ಟೆ.

ಏಪ್ರಿಲ್‌ನಲ್ಲಿ ರೈಲಿನಲ್ಲಿ ಉತ್ತರಕ್ಕೆ ಹೋದೆವು. ಹೊರಗೆ ಇನ್ನೂ ಹಿಮವಿತ್ತು, ಆದರೆ ಬಿಸಿಲು ಪುಣೆಯ ಮಾರ್ಚ್ ತಿಂಗಳ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು. ಎಲಿನ್‌ಳ ತಾಯಿಯ ಮನೆ ಪೂರ್ತಿ ಕಟ್ಟಿಗೆಯದು. ಬೆಳಿಗ್ಗೆ ಎಚ್ಚರಾದಾಗ ನೆತ್ತಿಯ ಮೇಲೆ ನಿಜವಾದ ಜಂತಿಗಳು ಸಾಲಾಗಿ ಕಂಡವು. ಹಿಂದಿನ ರಾತ್ರಿ ಆ ಮನೆಯಲ್ಲಿ ಉಂಡಿದ್ದೆ. ಅಭ್ಯಾಸಬಲ, ಪಕ್ಕಕ್ಕೆ ಹೊರಳಿ ಮಲಗಿದೆ.

ಶಾಲೆಯ ಬಸ್ಸಿನಲ್ಲಿ ಮಕ್ಕಳ ಜೊತೆ ನಾವಿಬ್ಬರೂ ಕೂತೆವು. ನಮ್ಮ ಶಾಲೆಯ ಮಕ್ಕಳು ರಿಕ್ಷಾದಲ್ಲಿ ಒಬ್ಬರ ಮೇಲೊಬ್ಬರು ಕೂತು ಬರುತ್ತಾರೆ, ಕಾಲು ಯಾವುದು ಕೈ ಯಾವುದು ತಿಳಿಯುವುದಿಲ್ಲ. ಇಲ್ಲಿ ಒಂದೊಂದು ಮಗುವಿಗೆ ಒಂದೊಂದು ಸೀಟು, ಒಂದೊಂದು ಪಟ್ಟಿ. ಆದರೆ ಗಲಾಟೆ ಎರಡೂ ಕಡೆ ಒಂದೇ. ಕಪ್ಪು ಚೌಕ ಬರೆದ ಹುಡುಗಿ ನನ್ನ ಪಕ್ಕದಲ್ಲೇ ಕೂತು ದಾರಿಯುದ್ದಕ್ಕೂ ಕಿಟಕಿಗೆ ಬೆರಳು ಒತ್ತಿ ತೋರಿಸಿದಳು. ಅಲ್ಲಿ ಅಜ್ಜನ ದೋಣಿ. ಅಲ್ಲಿ ಬೇಲಿ ಮುರಿದ ಕುದುರೆ. ಅವಳ ಭಾಷೆ ನನಗೆ ಬಾರದು, ಎಲಿನ್ ಹಿಂದಿನ ಸೀಟಿನಿಂದ ಬಿಡಿಸಿ ಹೇಳುತ್ತಿದ್ದಳು. ಅವತ್ತು ಬರೆಸಿದ ಚಿತ್ರಗಳಲ್ಲಿ ನಡುವಿನ ಹಾಳೆ ತುಂಬಿ ಅಂಚಿನವರೆಗೆ ಹರಿಯಿತು. ಆ ಹುಡುಗಿ ದೋಣಿ ಬರೆದಳು, ಕುದುರೆ ಬರೆದಳು, ಬಸ್ಸಿನ ಕಿಟಕಿಯಲ್ಲಿ ಬೈತಲೆಗೆ ಕುಂಕುಮವಿಟ್ಟ ಒಂದು ಹೆಂಗಸನ್ನೂ ಬರೆದಳು.

ಎಲಿನ್ ತನ್ನ ಪ್ರಬಂಧದ ತೀರ್ಮಾನವನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. ಚಳಿಗಾಲದ ಬಸ್ಸಿನೊಳಗೆ ದೀಪ ತಗ್ಗಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಯೊಂದಿಗೆ ಅದು ಮುಗಿಯುತ್ತಿತ್ತು. ಮೊದಲಿನದಕ್ಕಿಂತ ನೂರು ಪಾಲು ಮೇಲಾಗಿತ್ತು.

ಕೊನೆಯ ಊಟ

ಜೂನ್ ಮೊದಲ ವಾರ ಕೊನೆಯ ಸೆಮಿನಾರು, ನನ್ನ ಸರದಿ. ನನ್ನ ಪ್ರಬಂಧ ಪುಣೆಯ ಮಕ್ಕಳು ತಮ್ಮ ಊರಿನ ಮುಠಾ ನದಿಯ ಬಗ್ಗೆ ಏನು ತಿಳಿದಿದ್ದಾರೆ ಎಂಬುದು. ಹೊರಡುವ ಮುಂಚೆಯೇ ನಮ್ಮ ಶಾಲೆಯ ಮಕ್ಕಳನ್ನು ಕೇಳಿ ಬರೆದುಕೊಂಡು ಬಂದಿದ್ದೆ. ಎಲಿನ್ ಎದುರಿಗೆ ಕೂತಳು. ಮುಖದಲ್ಲಿ ನಗುವಿಲ್ಲ.

"ನೀನು ಮಕ್ಕಳನ್ನು ಪ್ರಶ್ನೆ ಕೇಳಿದ್ದು ಎಲ್ಲಿ?"

"ತರಗತಿಯಲ್ಲಿ."

"ನದಿ ಶಾಲೆಯಿಂದ ಎಷ್ಟು ದೂರ?"

"ನಡೆದೇ ಹೋಗಬಹುದು."

"ಒಮ್ಮೆಯಾದರೂ ಕರೆದುಕೊಂಡು ಹೋಗಿದ್ದೀಯಾ?"

ಇಲ್ಲ. ಈಗ ಅಲ್ಲಿ ವಾಸನೆ, ಪಾಲಕರು ಒಪ್ಪುವುದಿಲ್ಲ, ನಾಡಿನ ಅಷ್ಟೂ ನದಿಗಳನ್ನು ಗೋಡೆಯ ಮೇಲೆ ಹರಿಸಿದ್ದೇನೆಯೇ ಹೊರತು ಪಕ್ಕದ್ದನ್ನು ಮುಟ್ಟಿಸಿಲ್ಲ. ಅವಳು ಇನ್ನೂ ಬಹಳ ಕೇಳಿದಳು. ಒಂದನ್ನೂ ಬಿಡಲಿಲ್ಲ. ಹಬ್ಬದ ದಿನ ಬೇಡ ಬೇಡ ಎಂದರೂ ಒತ್ತಾಯ ಮಾಡಿ ಬಡಿಸುವವರ ಮುಂದೆ ಕೂತ ಹಾಗಿತ್ತು. ನನ್ನ ಬರಹವನ್ನು ನನ್ನ ಜನ್ಮದಲ್ಲಿ ಯಾರೂ ಅಷ್ಟು ಅಕ್ಕರೆಯಿಂದ ಓದಿರಲಿಲ್ಲ. ನನಗೆ ನಿಜವಾಗಿ ಸಂತೋಷವಾಯಿತು. ಕೊನೆಗೆ, "ಥ್ಯಾಂಕ್ಯೂ ಎಲಿನ್, ಥ್ಯಾಂಕ್ಯೂ ಮಾರ್ಗರೆತಾ" ಎಂದೆ. ಹೆಸರು ಬಾಯಿಂದ ಬಂದುಹೋದದ್ದು ನನಗೇ ಆಮೇಲೆ ಗೊತ್ತಾಯಿತು. ಮಾರ್ಗರೆತಾ, "ಈಗ ನಿನ್ನ ನೆಗಡಿ ಹೋಯಿತಲ್ಲ" ಎಂದರು.

ಆ ಶನಿವಾರ ಎಲಿನ್‌ಳ ಮನೆಯಲ್ಲಿ ಕೊನೆಯ ಸಲ ರೊಟ್ಟಿ ಬಡಿದೆ. ಅತ್ತೆ ಕೊಟ್ಟ ಮಸಾಲೆ ಖಾರ ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿದಿತ್ತು, ಹೊತ್ತುಕೊಂಡು ಹೋಗುವುದೇಕೆಂದು ಎಲ್ಲ ಎಣ್ಣೆಗಾಯಿಗೆ ಸುರಿದೆ. ಎಲಿನ್ ಒಂದು ತುತ್ತು ತಿಂದಳು. ಮುಖ ಕೆಂಪಾಯಿತು. ಕಣ್ಣಲ್ಲಿ ನೀರು ಬಂತು. ಬೀಳ್ಕೊಡುಗೆಯ ದುಃಖ ಎಂದುಕೊಂಡು ನನಗೂ ಕಣ್ಣು ತುಂಬಿತು.

ಅವಳು ರೊಟ್ಟಿ ಕೆಳಗಿಟ್ಟಳು. "ಖಾರ ಜಾಸ್ತಿ" ಎಂದಳು.

"ಇವತ್ತು ಸ್ವಲ್ಪ ಹೆಚ್ಚಾಯಿತೇನೋ."

"ಇವತ್ತಲ್ಲ. ಮೊದಲ ಶನಿವಾರದಿಂದ. ನೀನು ಹೋದ ಮೇಲೆ ನಾನು ಹಾಲು ಕುಡಿದು ಮಲಗುತ್ತಿದ್ದೆ."

ನಾನು ಕಕ್ಕಾಬಿಕ್ಕಿಯಾದೆ. ಸೆಮಿನಾರಿನಲ್ಲಿ ಒಂದು ಅಲ್ಪವಿರಾಮವನ್ನೂ ಬಿಡದವಳು, ಇಡೀ ಚಳಿಗಾಲ ಬೆಂಕಿ ನುಂಗಿ ಚೆನ್ನಾಗಿದೆ ಎಂದಿದ್ದಳು. "ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಪ್ರೀತಿಯಿಂದ ಬಡಿಸುತ್ತಿದ್ದೆ" ಎಂದಳು ಎಲಿನ್. "ಅವತ್ತು ನಿಮ್ಮ ಜಂತಿಯ ಗಾದೆ ಹೇಳಿದೆಯಲ್ಲ, ಆಗಲೇ ಹೇಳಬೇಕೆಂದಿದ್ದೆ. ಧೈರ್ಯ ಬರಲಿಲ್ಲ."

ನಾನು ಎದ್ದು ಫ್ರಿಜ್ಜಿನಿಂದ ಹಾಲು ತೆಗೆದು ಅವಳ ಮುಂದಿಟ್ಟೆ. ಇಬ್ಬರೂ ಬಹಳ ಹೊತ್ತು ನಕ್ಕೆವು. ನಡುವೆ ಸ್ವಲ್ಪ ಅತ್ತೆವು ಕೂಡ, ಅದರಲ್ಲಿ ಖಾರದ ಪಾಲೆಷ್ಟು ಎಂದು ಹೇಳಲಾರೆ.

ಮತ್ತೆ ಪುಣೆ

ನಾನು ಬಂದಾಗ ಮಳೆ ಶುರುವಾಗಿತ್ತು. ಪಂಢರಪುರಕ್ಕೆ ಹೊರಟ ಪಾಲಕಿ ಬಂದಿಳಿದು ಊರೆಲ್ಲ ವಾರಕರಿ ಯಾತ್ರಿಕರಿಂದ ತುಂಬಿತ್ತು. ಶಾಲೆ ಆರಂಭವಾದ ಮೇಲೆ ಒಂದು ದಿನ ಏಳನೆಯ ತರಗತಿಯನ್ನು ಸಾಲಾಗಿ ನಡೆಸಿಕೊಂಡು ನದಿಗೆ ಹೋದೆ. ಮಕ್ಕಳು ಮೂಗು ಮುಚ್ಚಿಕೊಂಡೇ ನೋಡಿದವು, ಆದರೆ ನೋಡಿದವು. ಒಂದು ಫೋಟೋ ಎಲಿನ್‌ಗೆ ಕಳಿಸಿದೆ. "ಹೂನ್ರಿ" ಎಂದು ಉತ್ತರ ಬಂತು.

ಅವಳಿಗೆ ಕಳಿಸಲೆಂದು ಒಂದು ಭಾನುವಾರ ಶೇಂಗಾ ಚಟ್ನಿ ಕುಟ್ಟಿದೆ. ಮೆಣಸಿನಕಾಯಿ ಅರ್ಧಕ್ಕಿಂತ ಕಡಿಮೆ. ಅತ್ತೆ ಬಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು.

"ಇದಕ್ಕ ಖಾರನ ಇಲ್ಲಲ್ಲಾ. ಚಟ್ನಿನೋ, ಹುರದ ಶೇಂಗಾನೋ?"

"ಅಕಿಗೆ ಇಷ್ಟ ಸಾಕ್ರಿ ಅತ್ತಿ. ಅದಕ್ಕಿಂತ ಹೆಚ್ಚು ತಡಿಯೋದಿಲ್ಲ."

"ನಿನಗ ಹೆಂಗ ಗೊತ್ತು? ಅಕಿ ಬಾಯಿ ಬಿಟ್ಟು ಹೇಳಿದ್ಲೇನು, ಖಾರ ಆತು ಅಂತ?"

"ಹೂನ್ರಿ. ಊಟಕ್ಕ ಕುಂತಾಗ, ಮುಖದ ಮ್ಯಾಲೆ ಹೇಳಿದ್ಲು."

ಅತ್ತೆ ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಈಗ ಜಂತಿಯ ಮಾತು ಬರುತ್ತದೆ ಎಂದು ನಾನು ಕಾದೆ.

"ಚಲೋ ಅದ ಅನ್ನೋರು ಬೀಗರು" ಎಂದರು ಅತ್ತೆ. "ಖಾರ ಆತು ಅನ್ನಾಕ ಮನಿ ಮಗಳ ಆಗಬೇಕು. ಮುಂದಿನ ಸಲ ಅಕಿನ್ನ ಕರಕೊಂಡ ಬಾ." ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕಿ, ದಾರದಿಂದ ಬಿಗಿದು ನನ್ನ ಕೈಗಿಟ್ಟರು.